ನಡೆಯುವವರ ಊರು: ಲಿಂಗಸುಗೂರಿನ ದಾರಿಗಳ ಚರಿತ್ರೆ

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸು ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ಅಲ್ಲಿ ಕೂಡಿಕೊಂಡವು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿದ್ದ ಲಿಂಗಸುಗೂರು ಆಗ ನಿಜಾಮ್ ಸಂಸ್ಥಾನದ ಒಂದು ಜಿಲ್ಲಾ ಕೇಂದ್ರ. ಸೈನ್ಯದ ಛಾವಣಿಯಿದ್ದ ಊರು. ಆದರೂ ಹಳಿ ಆ ಕಡೆಗೆ ತಿರುಗಲಿಲ್ಲ. ಆ ಶತಮಾನದಲ್ಲೂ ಇಲ್ಲ, ಮುಂದಿನ ಶತಮಾನದಲ್ಲೂ ಇಲ್ಲ. ಹಾಗಾಗಿ ಲಿಂಗಸುಗೂರಿನ ಚರಿತ್ರೆಯೆಂದರೆ ಅದರ ರಸ್ತೆಗಳ ಚರಿತ್ರೆ. ಆ ರಸ್ತೆಗಳ ಮೇಲೆ ಅತಿ ಹೆಚ್ಚು ಕಾಲ ಓಡಾಡಿದ್ದು ಮೋಟಾರಿನ ಗಾಲಿಯಲ್ಲ, ಮನುಷ್ಯನ ಕಾಲು.

ನಡಿಗೆಯನ್ನು ಪ್ರೋತ್ಸಾಹಿಸಬೇಕು, ಸ್ವಂತ ವಾಹನದ ಬಳಕೆ ಕಡಿಮೆಯಾಗಬೇಕು ಎಂಬ ಮಾತು ಈಗ ಬೆಂಗಳೂರಿನಂಥ ಮಹಾನಗರಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಯುರೋಪಿನಿಂದ ಬಂದ ಹೊಸ ವಿಚಾರವೆಂಬಂತೆ ಅದರ ಮೇಲೆ ವಿಚಾರಸಂಕಿರಣಗಳು ನಡೆಯುತ್ತವೆ. ತಾಲೂಕು ಕೇಂದ್ರಗಳ ಪಾಲಿಗೆ ಇದು ಹೊಸ ವಿಚಾರವಲ್ಲ, ಮರೆತುಹೋದ ವಿಚಾರ. ಅದನ್ನು ಯಾರು ಮರೆತರು, ಹೇಗೆ ಮರೆತರು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ನಮ್ಮ ಭಾಷೆಯಲ್ಲೇ ಇದರ ಗುರುತುಗಳಿವೆ. ಕೂಗಳತೆ, ಹರದಾರಿ, ಗಾವುದ ಎಂದು ನಮ್ಮ ಹಿರಿಯರು ದೂರವನ್ನು ಅಳೆದದ್ದು ಮನುಷ್ಯನ ದನಿಯಿಂದ, ಕಾಲಿನಿಂದ. ನಡೆಯುವವನಿಗೆ ಬೇಕಾದುದನ್ನು ಒದಗಿಸುವುದು ರಾಜಧರ್ಮವಾಗಿತ್ತು, ಜನರ ಪಾಲಿಗೆ ಪುಣ್ಯದ ಕೆಲಸವಾಗಿತ್ತು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಒಂದು ಬಂಡೆಗಲ್ಲಿನ ಶಾಸನವನ್ನು ಕಂಡರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಹೆಸರಿನ ಸಮೇತ ಖಚಿತವಾದದ್ದು ಆ ಬಂಡೆಯಿಂದ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಸಾರ. ದಾರಿಗಳ ಬಗ್ಗೆ ಅದೇ ಅರಸ ಹೇಳಿರುವುದು ಬೇರೆ ಕಡೆ. ಫಿರೋಜ್ ಷಾ ತುಘಲಕ್ ತೋಪ್ರಾದಿಂದ ದೆಹಲಿಗೆ ತರಿಸಿ ನಿಲ್ಲಿಸಿದ ಕಂಬದ ಮೇಲೆ, ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಮಾವಿನ ತೋಪು ಬೆಳೆಸಿದ್ದನ್ನು, ಬಾವಿ ತೋಡಿಸಿ ತಂಗುಮನೆ ಕಟ್ಟಿಸಿದ್ದನ್ನು ಆತ ಬರೆಸಿದ್ದಾನೆ. ಮನುಷ್ಯರಿಗೂ ಪಶುಗಳಿಗೂ ಎಂದು ಸೇರಿಸಲು ಮರೆತಿಲ್ಲ.

ಆ ಪರಂಪರೆ ಅರಸುಮನೆತನಗಳು ಬದಲಾದರೂ ಮುಂದುವರಿಯಿತು. ಬಿಜಾಪುರದ ತಾಜ್ ಬಾವಡಿಯನ್ನು 1620ರಲ್ಲಿ ಕಟ್ಟಿಸಿದಾಗ ನೀರಿನ ಜೊತೆಗೆ ದಾರಿಹೋಕರು ಉಳಿಯಲು ಕೋಣೆಗಳನ್ನೂ ಕಟ್ಟಿದರು. ಕನ್ನಡದ ಶಾಸನಗಳಲ್ಲಿ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಮೊಹರಮ್ಮಿನಲ್ಲಿ ಬೀದಿಗಳಲ್ಲಿ ಇಡುವ ಸಬೀಲಿನ ಕೆಲಸವೂ ಅದೇ. ಬಾಯಾರಿ ಬಂದವನ ಹೆಸರು ಕೇಳದೆ ನೀರು ಕೊಡುವುದು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿನಲ್ಲಿ ಬೇಸಿಗೆಯ ಬಿಸಿಲು ಎಂಥದೆಂದು ಬಲ್ಲವರಿಗೆ ಅರವಟ್ಟಿಗೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈಗ ಊರಿಗೆ ಬರೋಣ. 1853ರ ಒಪ್ಪಂದದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚಿಗಾಗಿ ನಿಜಾಮರು ರಾಯಚೂರು ದೋಆಬನ್ನು ಬ್ರಿಟಿಷರ ವಶಕ್ಕೆ ಕೊಡಬೇಕಾಯಿತು. 1860ರಲ್ಲಿ ಅದು ಮರಳಿ ನಿಜಾಮರಿಗೆ ಬಂತು. ಲಿಂಗಸುಗೂರು ಆ ಕಂಟಿಂಜೆಂಟಿನ ಒಂದು ಠಾಣೆ. 1858ರಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕನ ಮೇಲೆ ಸೈನ್ಯ ಹೊರಟದ್ದು ಈ ಛಾವಣಿಯಿಂದ. ಛಾವಣಿ ಬೆಳೆದು ಪೇಟೆಯಾಯಿತು, ಪೇಟೆಯೇ ಊರಾಯಿತು. ಮೊದಲಿದ್ದ ಊರು ಕಸಬಾ ಲಿಂಗಸುಗೂರು ಎಂಬ ಹೆಸರಿನಲ್ಲಿ ಪಕ್ಕದಲ್ಲಿ ಉಳಿಯಿತು. 1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೈನ್ಯದಲ್ಲಿ ವಿಲೀನವಾಯಿತು. 1905ರಲ್ಲಿ ಜಿಲ್ಲೆಯೂ ರದ್ದಾಗಿ ರಾಯಚೂರು, ಗುಲ್ಬರ್ಗಾಗಳ ನಡುವೆ ಹಂಚಿಹೋಯಿತು. ಉಳಿದದ್ದು ಒಂದು ತಾಲೂಕು ಕಚೇರಿ, ಒಂದು ಸಂತೆ, ನಾಲ್ಕು ಕಡೆಗೆ ನಾಲ್ಕು ಸಡಕು.

ಈ ಸಡಕುಗಳನ್ನು ಹಾಕಿದವರು ಯಾರು? 1876ರಿಂದ 78ರವರೆಗಿನ ಮಹಾ ಕ್ಷಾಮ ರಾಯಚೂರು, ಲಿಂಗಸುಗೂರು ಸೀಮೆಗಳನ್ನು ಹಿಂಡಿಹಾಕಿತು. ಬರಗಾಲ ಬಂದಾಗಲೆಲ್ಲ ಹಸಿದವರಿಗೆ ಕೊಡುತ್ತಿದ್ದ ಕೆಲಸವೆಂದರೆ ಕಲ್ಲು ಒಡೆಯುವುದು, ಮಣ್ಣು ಹೊರುವುದು, ರಸ್ತೆ ಹಾಕುವುದು. ಎರೆಭೂಮಿಯಲ್ಲಿ ಮಳೆ ಬಿದ್ದರೆ ಬಂಡಿಯ ಗಾಲಿ ಮುಂದೆ ಹೋಗುವುದಿಲ್ಲ. ಕಾಲಿಗೆ ಅಂಟಿದ ಮಣ್ಣೇ ಸೇರುಗಟ್ಟಲೆ ತೂಗುತ್ತದೆ. ಅಂಥ ನೆಲದ ಮೇಲೆ ಕಲ್ಲು ಹಾಸಿದವರು ಕಾಲ್ನಡಿಗೆಯ ಜನ. ಈ ಮಾತನ್ನು ಯಾವ ಉದ್ಘಾಟನಾ ಫಲಕದಲ್ಲೂ ಬರೆಯುವುದಿಲ್ಲ.

ಹಾಗೆಂದು ನಡಿಗೆಯ ಆ ಕಾಲವನ್ನು ಸತ್ಯಯುಗವೆಂದು ಕೊಂಡಾಡುವುದೂ ಬೇಡ. ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮೇಲುಜಾತಿಯ ಕೇರಿಯಲ್ಲಿ ಕಾಲಲ್ಲಿ ಚಪ್ಪಲಿ ಹಾಕಿ ನಡೆಯುವ ಅಧಿಕಾರ ದಲಿತನಿಗೆ ಇರಲಿಲ್ಲ. ಕೇರಳದ ವೈಕಂನಲ್ಲಿ 1924-25ರಲ್ಲಿ ನಡೆದ ಸತ್ಯಾಗ್ರಹದ ಬೇಡಿಕೆ ಗುಡಿಯ ಪ್ರವೇಶವೂ ಆಗಿರಲಿಲ್ಲ; ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲು ಬಿಡಿ ಎಂಬುದಷ್ಟೇ. ಒಂದು ದಾರಿಯಲ್ಲಿ ಸುಮ್ಮನೆ ನಡೆದು ಹೋಗುವುದು ಕೂಡ ಹೋರಾಡಿ ಪಡೆಯಬೇಕಾದ ಹಕ್ಕು. ಇನ್ನು ಗುಳೆ ಹೋಗುವವರ ನಡಿಗೆಯಲ್ಲಿ ಆಯ್ಕೆ ಎಂಬುದೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ರೈಲು ಒಮ್ಮೆಲೇ ನಿಂತಾಗ ಈ ಜಿಲ್ಲೆಯ ಕೂಲಿಕಾರರು ಬೆಂಗಳೂರಿನಿಂದ ಗಂಟುಮೂಟೆ ಹೊತ್ತು ನಡೆದೇ ಹೊರಟರು. ಹೊರಟವರೆಲ್ಲ ಊರು ಮುಟ್ಟಲಿಲ್ಲ. ಆದ್ದರಿಂದ ಬಡವರಿಗೆ ನಡೆಯಿರಿ ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಅವರು ಮೊದಲಿನಿಂದಲೂ ನಡೆಯುತ್ತಲೇ ಇದ್ದಾರೆ. ಅವರು ನಡೆಯುವ ಜಾಗವನ್ನು ಉಳಿಸಿದೆವೆಯೇ ಎಂಬುದು ಪ್ರಶ್ನೆ.

ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಒಂದು ಮಹತ್ವದ ಸಂಗತಿ ನಡೆಯಿತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ ತನ್ನದೇ ಒಂದು ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ಆರಂಭದಲ್ಲಿ ಇದ್ದದ್ದು 27 ಬಸ್ಸುಗಳು, 166 ನೌಕರರು. ಭಾರತದಲ್ಲಿ ಸರ್ಕಾರಿ ಬಸ್ಸಿನ ಚರಿತ್ರೆ ಶುರುವಾಗುವುದೇ ಇಲ್ಲಿಂದ ಎನ್ನಬಹುದು. ಮೈಸೂರು ಸರ್ಕಾರ ಇಂಥ ಇಲಾಖೆಯನ್ನು ತೆರೆದದ್ದು 1948ರಲ್ಲಿ. ಈ ವ್ಯವಸ್ಥೆಯ ಹಿಂದೆ ವ್ಯಾಪಾರದ ಲೆಕ್ಕಾಚಾರವೂ ಇತ್ತು. ಖಾಸಗಿ ಮೋಟಾರುಗಳು ರೈಲಿನ ಪ್ರಯಾಣಿಕರನ್ನು ಕಸಿಯದಿರಲಿ ಎಂಬುದು ರೈಲ್ವೆಯ ಉದ್ದೇಶ. ಆದರೆ ಅದರಿಂದ ಹುಟ್ಟಿದ ಕಲ್ಪನೆ ದೊಡ್ಡದು. ರೈಲು ಮತ್ತು ಬಸ್ಸು ಒಂದೇ ಮನೆಯ ಅಣ್ಣತಮ್ಮಂದಿರು. ಹಳಿ ಮುಗಿದಲ್ಲಿ ಬಸ್ಸು ಕಾಯುತ್ತಿರಬೇಕು ಎಂಬ ಕಲ್ಪನೆ. ಇಂದು ಮಹಾನಗರಗಳಲ್ಲಿ ಮೆಟ್ರೋ ನಿಲ್ದಾಣಕ್ಕೆ ಸಂಪರ್ಕ ಬಸ್ಸು ಬೇಕೆಂದು ಕೋಟಿಗಟ್ಟಲೆ ಖರ್ಚು ಮಾಡಿ ವರದಿ ಬರೆಸುವವರು ಒಮ್ಮೆ ಈ ಹಳೆಯ ಕಡತಗಳ ಮೇಲೆ ಕಣ್ಣಾಡಿಸಬೇಕು.

ಬಸ್ಸಿಗೂ ಮನೆಗೂ ನಡುವಿನ ದೂರವನ್ನು ತುಂಬಿದ್ದು ಟಾಂಗಾ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಟಾಂಗಾ ಹೊಡೆಯುವ ಕಸುಬು ಬಹುಮಟ್ಟಿಗೆ ಮುಸ್ಲಿಮರದ್ದಾಗಿತ್ತು. ಬುರ್ಖಾ ತೊಟ್ಟ ಹೆಂಗಸರಿಗೂ ಸೆರಗು ಹೊದ್ದ ಗೌಡಶ್ಯಾನಿಗೂ ಅದೇ ಟಾಂಗಾ, ಅದೇ ಮಾಮಾ. ಹೆರಿಗೆ ನೋವು ಬಂದ ಮಗಳನ್ನು ದವಾಖಾನೆಗೆ ಮುಟ್ಟಿಸಿದ ಟಾಂಗಾವಾಲಾನ ಕತೆ ಇಲ್ಲದ ಓಣಿ ಇರಲಾರದು. ಆ ಕಸುಬು ಸತ್ತಾಗ ಅದಕ್ಕೆ ಬದಲಿಯಾಗಿ ಬಂದದ್ದು ಆಟೋ, ಆಮೇಲೆ ಟಂಟಂ. ಟಾಂಗಾವಾಲಾನ ಮೊಮ್ಮಗ ಸಾಲ ಮಾಡಿ ಕೊಂಡ ಆಟೋದ ಕಂತು ಕಟ್ಟುತ್ತಿದ್ದಾನೆ. ಕುದುರೆಯ ಮೇವಿಗೂ ಡೀಸೆಲ್ಲಿಗೂ ಇರುವ ವ್ಯತ್ಯಾಸವನ್ನು ಅರ್ಥಶಾಸ್ತ್ರಜ್ಞರಿಗಿಂತ ಆತನೇ ಚೆನ್ನಾಗಿ ಬಲ್ಲ.

ಸೈಕಲ್ ಅಂಗಡಿಯ ಬಗ್ಗೆ ಹೇಳದೆ ಈ ಚರಿತ್ರೆ ಪೂರ್ಣವಾಗುವುದಿಲ್ಲ. ಐವತ್ತು ದಾಟಿದ ಓದುಗರಿಗೆ ಇದು ನೆನಪಿರುತ್ತದೆ. ಬಸ್ ನಿಲ್ದಾಣದ ಹತ್ತಿರ, ಮಸೀದಿಯ ಪಕ್ಕದ ಮಳಿಗೆಯಲ್ಲಿ, ಚಕ್ರದ ಮಡ್‌ಗಾರ್ಡಿಗೆ ನಂಬರು ಬರೆದ ಹತ್ತು ಹದಿನೈದು ಸೈಕಲ್ಲುಗಳು. ಗಂಟೆಯ ಬಾಡಿಗೆ ಚಿಲ್ಲರೆ ಕಾಸು. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಓಣಿ, ಒಯ್ದ ಸಮಯ. ಠೇವಣಿ ಇಲ್ಲ, ಅಪ್ಪನ ಹೆಸರೇ ಠೇವಣಿ. ಹಳ್ಳಿಯಿಂದ ಬಸ್ಸಿಳಿದ ರೈತ ಬಾಡಿಗೆ ಸೈಕಲ್ ಹತ್ತಿ ತಾಲೂಕು ಕಚೇರಿ, ಗೊಬ್ಬರದ ಅಂಗಡಿ, ಬ್ಯಾಂಕು ಮುಗಿಸಿ ಸಂಜೆಯ ಬಸ್ಸಿಗೆ ಮರಳುತ್ತಿದ್ದ. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಆರಂಭವಾದಾಗ ಪತ್ರಿಕೆಗಳು ದೇಶಕ್ಕೇ ಮಾದರಿ ಎಂದು ಬರೆದವು. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಯಾವ ಸರ್ಕಾರದ ಅನುದಾನವೂ ಇಲ್ಲದೆ, ಪಂಕ್ಚರ್ ತಿದ್ದಿದ ಕೈಗಳಿಂದಲೇ ಅದನ್ನು ಅರ್ಧ ಶತಮಾನ ನಡೆಸಿದ ಸಾಬರ ಅಂಗಡಿಗಳ ನೆನಪು ಯಾರಿಗೂ ಆಗಲಿಲ್ಲ.

2006ರಲ್ಲಿ ರಾಜ್ಯ ಸರ್ಕಾರ ಶಾಲಾಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳು ಏನೇ ಇರಲಿ, ಎಂಟನೆಯ ತರಗತಿಯ ಹುಡುಗಿಯರು ಸಾಲಾಗಿ ಪೆಡಲ್ ತುಳಿಯುತ್ತಾ ಹೈಸ್ಕೂಲಿಗೆ ಹೋಗುವ ದೃಶ್ಯ ನಮ್ಮ ಹಳ್ಳಿಗಳು ಹಿಂದೆ ಕಂಡದ್ದಲ್ಲ. ಪ್ರೌಢಶಾಲೆ ದೂರವೆಂದು ಓದು ನಿಲ್ಲಿಸುತ್ತಿದ್ದ ಮನೆಗಳಲ್ಲಿ, ನಮ್ಮ ಸಮುದಾಯದ ಮನೆಗಳಲ್ಲೂ, ಆ ಸೈಕಲ್ ಒಂದು ವಾದವನ್ನೇ ಮುಗಿಸಿಬಿಟ್ಟಿತು. ಕೋವಿಡ್ ವರ್ಷಗಳಲ್ಲಿ ಯೋಜನೆ ನಿಂತಿತು. ನಿಂತದ್ದಕ್ಕೆ ವಿಧಾನಸೌಧದಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ.

ಇದೆಲ್ಲ ಕರಗಿದ್ದು ಹೇಗೆ? ಒಂದೇ ದಿನದಲ್ಲಲ್ಲ. ಕಂತಿನ ಮೇಲೆ ಮೋಟಾರ್ ಸೈಕಲ್ ಸಿಗತೊಡಗಿದ್ದು ಒಂದು ಕಾರಣ. ಹಳ್ಳಿಗೆ ಬಸ್ಸು ಬರುವ ಹೊತ್ತು ಖಾತ್ರಿಯಿಲ್ಲದಾಗ, ಕೂಲಿಯವನೂ ಸಾಲ ಮಾಡಿ ಗಾಡಿ ಕೊಳ್ಳುತ್ತಾನೆ. ಅವನನ್ನು ದೂರುವ ಹಾಗಿಲ್ಲ. ಇನ್ನೊಂದು ಕಾರಣ ರಸ್ತೆ ಅಗಲೀಕರಣ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಹಾದುಹೋಗುತ್ತದೆ. ಹೆದ್ದಾರಿಯ ಇಲಾಖೆಗೆ ಅದು ಹೆದ್ದಾರಿ. ಊರಿನವರಿಗೆ ಅದು ಮಗುವನ್ನು ಶಾಲೆಗೆ ಕಳಿಸುವ ಓಣಿ. ಈ ಎರಡು ದೃಷ್ಟಿಗಳ ನಡುವೆ ರಾಜಿ ಮಾಡಿಸುವ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ರಸ್ತೆ ಅಗಲವಾದಾಗ ಮೊದಲು ಹೋದದ್ದು ಬೇವು ಹುಣಸೆಯ ನೆರಳು. ಆಮೇಲೆ ಹೋದದ್ದು ದಾರಿಯ ಅಂಚು.

ಅಂಚು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಜಗಳ ಇರುವುದು ಅಲ್ಲಿ. ಡಾಂಬರು ಮುಗಿದು ಅಂಗಡಿಯ ಮೆಟ್ಟಿಲು ಶುರುವಾಗುವವರೆಗಿನ ಆ ನಾಲ್ಕೈದು ಅಡಿ ಜಾಗಕ್ಕೆ ದಾಖಲೆಯಲ್ಲಿ ಒಡೆಯನಿಲ್ಲ. ಹಾಗಾಗಿ ಎಲ್ಲರೂ ಒಡೆಯರು. ಚರಂಡಿ, ವಿದ್ಯುತ್ ಕಂಬ, ಅಂಗಡಿಯ ಬೋರ್ಡು, ನಿಲ್ಲಿಸಿದ ಬೈಕುಗಳು, ಬಾಳೆಹಣ್ಣಿನ ತಳ್ಳುಗಾಡಿ, ಚಹಾದ ಡಬ್ಬಿ ಅಂಗಡಿ. ವರ್ಷಕ್ಕೊಮ್ಮೆ ಇಂಥ ಊರುಗಳಲ್ಲಿ ತೆರವು ಕಾರ್ಯಾಚರಣೆ ನಡೆಯುತ್ತದೆ. ಜೆಸಿಬಿ ಬರುತ್ತದೆ. ತಳ್ಳುಗಾಡಿಯವನು ಓಡುತ್ತಾನೆ. ಪಾದಚಾರಿಗಳಿಗೆ ಅನುಕೂಲವಾಯಿತೆಂದು ಸುದ್ದಿಯಾಗುತ್ತದೆ. ವಾರ ಕಳೆಯುವುದರೊಳಗೆ ತೆರವಾದ ಜಾಗದಲ್ಲಿ ಬೈಕುಗಳು ನಿಂತಿರುತ್ತವೆ. ಪಾದಚಾರಿ ಮೊದಲಿನಂತೆ ಡಾಂಬರಿನ ಮೇಲೆಯೇ. ಬಡವನ ಹೆಸರಿನಲ್ಲಿ ಬಡವನನ್ನು ಎಬ್ಬಿಸಿ ಉಳ್ಳವನ ಗಾಡಿಗೆ ಜಾಗ ಮಾಡಿಕೊಡುವ ಈ ವಿದ್ಯಮಾನವನ್ನು ನಾವು ಅಭಿವೃದ್ಧಿ ಎಂದು ಕರೆಯುತ್ತಿದ್ದೇವೆ. ವಾಸ್ತವದಲ್ಲಿ ತಳ್ಳುಗಾಡಿಯವನಿಗೆ ಗಿರಾಕಿ ನಡೆದು ಬರುವವನೇ. ಕಾರಿನಲ್ಲಿ ಹೋಗುವವನು ಇಳಿದು ಹಣ್ಣು ಕೊಳ್ಳುವುದು ಅಪರೂಪ. ಇಬ್ಬರೂ ಒಬ್ಬರಿಗೊಬ್ಬರು ಬೇಕಾದವರು. 2014ರ ಬೀದಿ ವ್ಯಾಪಾರಿಗಳ ಕಾನೂನು, ಅವರನ್ನು ಸಮೀಕ್ಷೆ ಮಾಡಿ, ಜಾಗ ಗುರುತಿಸಿ, ಸಮಿತಿಯಲ್ಲಿ ಅವರ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ ಎನ್ನುತ್ತದೆ. ಜೆಸಿಬಿಗೆ ಕಾನೂನು ಓದಲು ಬರುವುದಿಲ್ಲ.

ಅಂಚು ಇಲ್ಲದ ರಸ್ತೆ ಏನು ಮಾಡುತ್ತದೆ ಎಂಬುದಕ್ಕೆ ಲೆಕ್ಕವಿದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. 2011ರ ಜನಗಣತಿ ಇನ್ನೊಂದು ಮುಖವನ್ನು ತೋರಿಸುತ್ತದೆ. ಕೃಷಿ ಮತ್ತು ಗೃಹ ಕೈಗಾರಿಕೆಯಾಚೆಗಿನ ದುಡಿಮೆಗಾರರಲ್ಲಿ ನೂರಕ್ಕೆ 22ಕ್ಕೂ ಹೆಚ್ಚು ಮಂದಿ ಕೆಲಸಕ್ಕೆ ನಡೆದುಹೋಗುವವರು, 13 ಮಂದಿ ಸೈಕಲ್ಲಿನವರು. ಕಾರು, ಜೀಪುಗಳಲ್ಲಿ ಹೋಗುವವರು ಮೂವರಿಗಿಂತ ಕಡಿಮೆ. ಆ ಮೂವರಿಗಾಗಿ ರಸ್ತೆ, ಉಳಿದವರಿಗೆ ಎಚ್ಚರಿಕೆಯ ಫಲಕ.

ವರ್ಷದಲ್ಲಿ ಕೆಲವು ದಿನ ಮಾತ್ರ ಈ ಸೀಮೆಯ ದಾರಿಗಳಿಗೆ ತಮ್ಮ ಹಳೆಯ ರೂಪ ನೆನಪಾಗುತ್ತದೆ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ದಾರಿಯುದ್ದಕ್ಕೂ ಶಾಮಿಯಾನ, ಊಟ, ಮಜ್ಜಿಗೆ, ಊದಿದ ಕಾಲಿಗೆ ಎಣ್ಣೆ ತಿಕ್ಕುವ ಕೈಗಳು. ಆ ಕೈಗಳಲ್ಲಿ ಎಲ್ಲ ಜಾತಿ ಮತದವರ ಕೈಗಳೂ ಇವೆ. ಮೊಹರಮ್ಮಿನಲ್ಲಿ ಮುದಗಲ್ಲಿನ ಹುಸೇನಿ ಆಲಂ ದರ್ಶನಕ್ಕೆ ಸಾವಿರಾರು ಜನ ಸೇರಿದಾಗ, ಹೆಜ್ಜೆ ಹಾಕುತ್ತ ಬರುವವರಲ್ಲಿ ಹಿಂದೂ ಯಾರು ಮುಸ್ಲಿಮ್ ಯಾರು ಎಂದು ಬೇರ್ಪಡಿಸುವುದು ಕಷ್ಟ. ಆ ದಿನಗಳಲ್ಲಿ ಪೊಲೀಸರು ವಾಹನಗಳನ್ನು ಊರಾಚೆಗೆ ತಡೆಯುತ್ತಾರೆ. ಆಕಾಶವೇನೂ ಕಳಚಿಬೀಳುವುದಿಲ್ಲ, ವ್ಯಾಪಾರವಂತೂ ಆ ದಿನಗಳಲ್ಲೇ ಹೆಚ್ಚು.

ಇದನ್ನೇ ಮುನ್ನೂರ ಅರುವತ್ತೈದು ದಿನವೂ ಮಾಡಿದ ಊರುಗಳಿವೆ. ಸ್ಪೇನಿನ ಪೊಂಟೆವೆದ್ರಾ ಸುಮಾರು 80 ಸಾವಿರ ಜನರ ಊರು. ಹೆಚ್ಚುಕಡಿಮೆ ನಮ್ಮ ಸಿಂಧನೂರಿನಷ್ಟು. 1999ರಲ್ಲಿ ಮೇಯರ್ ಆದ ಮಿಗೆಲ್ ಫೆರ್ನಾಂಡೆಸ್ ಲೊರೆಸ್ ಊರಿನ ನಡುಭಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಅಂಗಡಿಕಾರರು ಮೊದಲು ವಿರೋಧಿಸಿದರು, ಆಮೇಲೆ ಒಪ್ಪಿಕೊಂಡರು. ಮಕ್ಕಳು ಈಗ ತಾವೇ ಶಾಲೆಗೆ ನಡೆದುಹೋಗುತ್ತಾರೆ. ಮೊರಾಕ್ಕೊದ ಫೆಜ್‌ನ ಹಳೆಯ ನಗರದೊಳಗೆ ಇವತ್ತಿಗೂ ಕಾರು ಹೋಗುವುದಿಲ್ಲ. ದಾರಿಗೂ ಒಂದು ಹಕ್ಕಿದೆ, ದಾರಿಯಲ್ಲಿ ಬಿದ್ದ ಅಡಚಣೆಯನ್ನು ಸರಿಸುವುದೂ ದಾನವೇ ಎಂದು ಪ್ರವಾದಿವರ್ಯರು ಕಲಿಸಿದ್ದನ್ನು ನಾವು ಶುಕ್ರವಾರದ ಪ್ರವಚನಗಳಲ್ಲಿ ಕೇಳುತ್ತೇವೆ. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಿ ಎಂಬ ಅವರ ತೀರ್ಪು ಹಳೆಯ ಮುಸ್ಲಿಮ್ ನಗರಗಳ ಓಣಿಗಳಿಗೆ ಅಳತೆಗೋಲಾಯಿತು. ಜುಮಾ ಮುಗಿಸಿ ಬರುವಾಗ ಮಸೀದಿಯ ಮುಂದೆ ಅಡ್ಡಾದಿಡ್ಡಿಯಾಗಿ ನಿಲ್ಲಿಸಿದ ಬೈಕುಗಳನ್ನು ದಾಟಲಾಗದೆ ನಿಂತ ಮುದುಕಿಯನ್ನು ನೋಡಿದಾಗ ಈ ಮಾತು ನೆನಪಾದರೆ ಒಳ್ಳೆಯದು.

ನಮ್ಮ ದೇಶದಲ್ಲಿ ಇಂಥ ಅಳತೆ ಇಲ್ಲವೆಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ತೆರವಾಗಿರಬೇಕು. ಮೊಳದ ಲೆಕ್ಕದಲ್ಲಿ ನಾಲ್ಕು ಮೊಳ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೆಯ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗವೆಂದು ಹೇಳಿತು. ಅಂಗವಿಕಲರೂ ಬಳಸುವಂತೆ ಅವು ಇರಬೇಕು, ಒತ್ತುವರಿ ತೆರವಾಗಬೇಕು ಎಂದಿತು. ಪುರಸಭೆಯ ಎಂಜಿನಿಯರರ ಟೇಬಲ್ಲಿನ ಮೇಲೆ ಈಗ ನಾಲ್ಕು ಮೊಳದ ಅಳತೆಯೂ ಇದೆ, ಬದುಕಿನ ಹಕ್ಕೂ ಇದೆ.

ಬಸ್ಸಿನ ಕತೆ ಮಾತ್ರ ಈಚೆಗೆ ಹೊಸ ತಿರುವು ಪಡೆದಿದೆ. ನಿಜಾಮರ ಬಸ್ಸುಗಳು ಓಡಾಡಿದ ಈ ಸೀಮೆ 1956ರ ಏಕೀಕರಣದ ನಂತರ ಮೈಸೂರು ರಾಜ್ಯದ ಸಾರಿಗೆಯೊಳಕ್ಕೆ ಬಂತು. 2000ದಲ್ಲಿ ಗುಲ್ಬರ್ಗಾ ಕೇಂದ್ರವಾಗಿ ಈಶಾನ್ಯ ಸಾರಿಗೆ ಸಂಸ್ಥೆ ಹುಟ್ಟಿತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಸಾರಿಗೆ ಎಂದಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತ. ಇದನ್ನು ಬಿಟ್ಟಿ ಭಾಗ್ಯ ಎಂದು ಗೇಲಿ ಮಾಡಿದವರಿದ್ದಾರೆ. ಹಟ್ಟಿಯಿಂದ, ಮುದಗಲ್ಲಿನಿಂದ ಲಿಂಗಸುಗೂರಿನ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಗಂಡನ ಬೈಕಿಗೆ ಕಾಯದೆ ಬರುವ ಹೆಂಗಸರನ್ನು ಅವರು ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ನೋಡಬೇಕು. ಒಂದೇ ಕೊರತೆ. ಪ್ರಯಾಣಿಕರು ಹೆಚ್ಚಾದರು, ಆ ಪ್ರಮಾಣದಲ್ಲಿ ಬಸ್ಸುಗಳು ಹೆಚ್ಚಾಗಲಿಲ್ಲ. ಬೆಳಗಿನ ಬಸ್ಸಿನ ಬಾಗಿಲಿಗೆ ವಿದ್ಯಾರ್ಥಿಗಳು ಜೋತುಬಿದ್ದೇ ಇರುತ್ತಾರೆ. ಆ ಹುಡುಗರೇ ನಾಳೆ ಕಂತಿನ ಮೇಲೆ ಬೈಕು ಕೊಳ್ಳುವವರು.

ಇನ್ನು ರೈಲು. ಸಿಂಧನೂರಿಗೆ 2024ರಲ್ಲಿ ಬಂತು. ಗದಗ-ವಾಡಿ ಮಾರ್ಗ 2025ರ ಮೇ ತಿಂಗಳಲ್ಲಿ ಕುಷ್ಟಗಿಯನ್ನು ಮುಟ್ಟಿತು. ಅಲ್ಲಿಂದ ಮುಂದೆ ಅದರ ಹಾದಿ ಮುದಗಲ್, ಲಿಂಗಸುಗೂರು, ಸುರಪುರ, ಶಹಾಪುರದ ಕಡೆಗೆ. 1871ರಲ್ಲಿ ತಿರುಗದ ಹಳಿ ಕೊನೆಗೂ ತಿರುಗುತ್ತಿದೆ. ಈ ಹೊಸ ನಿಲ್ದಾಣಗಳಿಂದ ಪೇಟೆಗೆ, ಬಸ್ ನಿಲ್ದಾಣಕ್ಕೆ ಹೋಗುವ ರಸ್ತೆಗಳ ನಕ್ಷೆ ತಯಾರಾಗುವ ಕಾಲ ಇದು. ರೈಲು ಬರುವ ಹೊತ್ತಿಗೆ ಬಸ್ಸು ಬಂದು ನಿಲ್ಲುವ ಜಾಗ, ಆಟೋ ಮತ್ತು ಟಂಟಂಗಳಿಗೆ ಸಾಲು, ಸೈಕಲ್ ಇಡಲು ಒಂದು ಮಾಡು, ಎರಡೂ ಬದಿಗೆ ನಾಲ್ಕು ಮೊಳದ ಕಾಲುದಾರಿ, ಅದರ ಮೇಲೆ ಬೇವಿನ ನೆರಳು, ತಳ್ಳುಗಾಡಿಯವರಿಗೆ ಗುರುತು ಮಾಡಿದ ಜಾಗ. ಇವನ್ನು ಕಾಗದದ ಮೇಲೆ ಎಳೆಯಲು ಈಗ ಒಂದು ಪೆನ್ಸಿಲ್ ಸಾಕು. ಮಳಿಗೆಗಳು ಎದ್ದ ಮೇಲೆ ಅದೇ ಕೆಲಸಕ್ಕೆ ಜೆಸಿಬಿ ಬೇಕಾಗುತ್ತದೆ, ಪೊಲೀಸು ಬಂದೋಬಸ್ತು ಬೇಕಾಗುತ್ತದೆ. ಆಗ ಎದ್ದು ಓಡಬೇಕಾದವನು ಯಾರೆಂದು ನಮಗೆ ಗೊತ್ತೇ ಇದೆ.